ಟ್ಯಾಪ್ ಮಾಡುವ ಕಾರ್ಡ್ ಬೇರೆಯವರ ಕೈಗೆ ಹೋಗದಿರಲಿ: ಬ್ಯಾಂಕ್ ಕಾರ್ಡ್, ಗೇಟ್ ಕಾರ್ಡ್ ಬಗ್ಗೆ ಕತಾರ್ ಕನ್ನಡಿಗರು ತಿಳಿದಿರಬೇಕಾದ್ದು

ದೋಹಾ: ಗುರುವಾರ ರಾತ್ರಿ. ಸಂಬಳ ಬಂದು ಎರಡು ದಿನ ಆಗಿದೆ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನ ಹುಡುಗನೊಬ್ಬ ಏಷ್ಯನ್ ಟೌನ್‌ಗೆ ಹೋಗಿ ಸಾಮಾನು ತಗೊಂಡು ಬಸ್ಸಿನಲ್ಲಿ ವಾಪಸ್ ಬಂದ ಅಂದುಕೊಳ್ಳಿ. ರೂಮಿಗೆ ಬಂದು ಜೇಬು ನೋಡಿದರೆ ಪರ್ಸ್ ಇಲ್ಲ. ಪರ್ಸಿನಲ್ಲಿದ್ದದ್ದು ಸಂಬಳದ ಕಾರ್ಡ್, ಕತಾರ್ ಐಡಿ, ಕ್ಯಾಂಪಿನ ಗೇಟ್ ಕಾರ್ಡ್. "ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಬ್ಯಾಂಕ್ ರಜೆ. ಭಾನುವಾರ ನೋಡಿದರಾಯಿತು. ಹೇಗೂ ಪಿನ್ ಯಾರಿಗೂ ಗೊತ್ತಿಲ್ಲವಲ್ಲ" ಎಂದು ಆತ ಮಲಗುತ್ತಾನೆ.

ತಪ್ಪಾಗುವುದು ಇಲ್ಲೇ. ಹಿಂದಿನ ಕಾಲದ ಕಾರ್ಡಾಗಿದ್ದರೆ ಪಿನ್ ಗೊತ್ತಿಲ್ಲದವನು ಹೆಚ್ಚೇನೂ ಮಾಡಲು ಆಗುತ್ತಿರಲಿಲ್ಲ. ಈಗಿನದು ಟ್ಯಾಪ್ ಕಾರ್ಡ್. ಸಣ್ಣ ಮೊತ್ತಕ್ಕೆ ಮಿಷನ್ ಪಿನ್ ಕೇಳುವುದೇ ಇಲ್ಲ. ಸಿಕ್ಕಿದವನು ಒಂದು ಅಂಗಡಿಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಫೋನ್ ರೀಚಾರ್ಜ್, ಮತ್ತೊಂದರಲ್ಲಿ ದಿನಸಿ ಎಂದು ಮುಟ್ಟಿಸುತ್ತಾ ಹೋಗಬಹುದು.

ಕತಾರ್‌ನಲ್ಲಿ 2021ರ ಮಾರ್ಚ್ 20ರಿಂದ ಜಾರಿಯಲ್ಲಿರುವ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ತಿಂಗಳಿಗೆ 26 ದಿನ ಕೆಲಸ ಎಂದು ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 38 ರಿಯಾಲ್. ಅಂಥವರ ಕಾರ್ಡಿನಿಂದ 200 ರಿಯಾಲ್ ಹೋದರೆ ಐದು ದಿನದ ಬೆವರು ಹೋದ ಹಾಗೆ. ದೊಡ್ಡ ಸಂಬಳದವರಿಗೆ ಅದು ಸಣ್ಣ ಲೆಕ್ಕ ಇರಬಹುದು, ಊರಲ್ಲಿ ಮಗಳ ಫೀಸಿಗೆ ಕಾಯುತ್ತಿರುವ ಮನೆಗೆ ಅಲ್ಲ.

ಟ್ಯಾಪ್ ಕಾರ್ಡ್ ಹೇಗೆ ಕೆಲಸ ಮಾಡುತ್ತದೆ, ನಿಜವಾದ ಅಪಾಯ ಎಲ್ಲಿದೆ, ಎಲ್ಲಿ ಸುಮ್ಮನೆ ಹೆದರಿಸುತ್ತಾರೆ, ಕಾರ್ಡ್ ಕಳೆದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಕಾರ್ಡಿನ ಒಳಗೆ ಏನಿದೆ?

ಕಾರ್ಡಿನ ಮೇಲೆ ವೈಫೈ ಗುರುತನ್ನು ಅಡ್ಡ ಮಲಗಿಸಿದ ಹಾಗೆ ನಾಲ್ಕು ಬಾಗಿದ ಗೆರೆ ಇದ್ದರೆ ಅದು ಟ್ಯಾಪ್ ಕಾರ್ಡ್. ಒಳಗೆ ಒಂದು ಚಿಕ್ಕ ಚಿಪ್, ಅದಕ್ಕೆ ಸೇರಿದಂತೆ ಕಾರ್ಡಿನ ಅಂಚಿನ ಉದ್ದಕ್ಕೂ ಸುತ್ತಿದ ಸಣ್ಣ ತಂತಿ ಇರುತ್ತದೆ. ಈ ತಂತಿಯೇ ಆ್ಯಂಟೆನಾ. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಅಂಗಡಿಯ ಮಿಷನ್ 13.56 ಮೆಗಾಹರ್ಟ್ಸ್ ತರಂಗ ಬಿಡುತ್ತದೆ, ಕಾರ್ಡ್ ಹತ್ತಿರ ಬಂದಾಗ ಆ ತರಂಗದಿಂದಲೇ ಕರೆಂಟ್ ಪಡೆದು ಚಿಪ್ ಎಚ್ಚರವಾಗುತ್ತದೆ. ಅದಕ್ಕೇ ಮಿಷನ್‌ಗೆ ನಾಲ್ಕೈದು ಸೆಂಟಿಮೀಟರ್‌ನಷ್ಟು ಹತ್ತಿರ ಹಿಡಿಯಬೇಕು.

ಬ್ಯಾಂಕ್ ಕಾರ್ಡಿನ ಚಿಪ್ ಪ್ರತಿ ಸಲವೂ ಹೊಸದೊಂದು ಗುಪ್ತ ಸಂಖ್ಯೆ ತಯಾರಿಸಿ ಕೊಡುತ್ತದೆ. ಈ ಸಲ ಕೊಟ್ಟ ಸಂಖ್ಯೆ ಮುಂದಿನ ಸಲಕ್ಕೆ ನಡೆಯುವುದಿಲ್ಲ. ಹಾಗಾಗಿ ಯಾರಾದರೂ ಒಂದು ವ್ಯವಹಾರವನ್ನು ಕದ್ದು ಕೇಳಿಸಿಕೊಂಡರೂ ಅದನ್ನೇ ಇನ್ನೊಮ್ಮೆ ಬಳಸಿ ದುಡ್ಡು ತೆಗೆಯಲು ಆಗುವುದಿಲ್ಲ. ಹಿಂಬದಿಯ ಕಪ್ಪು ಪಟ್ಟಿಯಲ್ಲಿ ಈ ಸೌಲಭ್ಯ ಇಲ್ಲ. ಅದರಲ್ಲಿರುವುದು ಯಾವಾಗಲೂ ಒಂದೇ ಮಾಹಿತಿ, ನಕಲು ಮಾಡುವುದೂ ಸುಲಭ. ಆ ಮಟ್ಟಿಗೆ ಟ್ಯಾಪ್ ಮಾಡುವುದು ಪಟ್ಟಿ ಉಜ್ಜುವುದಕ್ಕಿಂತ ಎಷ್ಟೋ ಮೇಲು.

ಜೇಬಿನಲ್ಲಿದ್ದ ಹಾಗೇ ಕದಿಯಬಹುದಾ?

ಮೆಟ್ರೋದಲ್ಲಿ ಒಬ್ಬ ಮಿಷನ್ ಹಿಡಿದುಕೊಂಡು ಪಕ್ಕದವರ ಜೇಬಿಗೆ ತಾಗಿಸಿ ದುಡ್ಡು ಎಳೆಯುವ ವಿಡಿಯೋ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಬರುತ್ತದೆ. ತಾಂತ್ರಿಕವಾಗಿ ಇದು ಅಸಾಧ್ಯ ಅಲ್ಲ. ಆದರೆ ಕಳ್ಳನಿಗೆ ಇದು ಬಹಳ ಕಷ್ಟದ ದಾರಿ. ಆ ಮಿಷನ್ ಯಾವುದೋ ಬ್ಯಾಂಕಿನ ಹೆಸರಲ್ಲಿ, ನೋಂದಾಯಿತ ವ್ಯಾಪಾರಿಯ ಖಾತೆಗೆ ಜೋಡಿಸಿರಬೇಕು. ದುಡ್ಡು ಹೋಗುವುದು ಆ ಖಾತೆಗೇ. ನಾಲ್ಕು ದೂರು ಬಂದರೆ ಯಾರ ಖಾತೆ ಎಂದು ಬ್ಯಾಂಕಿಗೆ ಗೊತ್ತಾಗುತ್ತದೆ.

ಸಾಮಾನ್ಯ ಫೋನಿನಲ್ಲೂ ಟ್ಯಾಪ್ ಕಾರ್ಡಿನಿಂದ ಕೆಲವು ಮಾಹಿತಿ ಓದಬಹುದು: ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು. ಆದರೆ ಹಿಂಬದಿಯ ಮೂರಂಕಿಯ ಸಿವಿವಿ ಸಿಗುವುದಿಲ್ಲ, ಪಿನ್ ಅಂತೂ ಇಲ್ಲವೇ ಇಲ್ಲ.

ಮನಸ್ಸಿಗೆ ಸಮಾಧಾನ ಬೇಕಿದ್ದರೆ ಲೋಹದ ಪದರ ಇರುವ ಕಾರ್ಡ್ ಕವರ್ ತಗೊಳ್ಳಿ. ದುಬಾರಿ ಪರ್ಸ್ ಬೇಕಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಕಾಗದದ ನಡುವೆ ಮಡಚಿ ಕಾರ್ಡಿನ ಸುತ್ತ ಹಾಕಿದರೂ ತರಂಗ ಒಳಗೆ ಹೋಗುವುದಿಲ್ಲ. ಎರಡು ಮೂರು ಟ್ಯಾಪ್ ಕಾರ್ಡ್ ಒಟ್ಟಿಗೆ ಇಟ್ಟರೆ ಮಿಷನ್‌ಗೆ ಗೊಂದಲ ಆಗಿ ಓದಲಾಗದೆ ಇರಬಹುದು, ಆದರೆ ಅದನ್ನೇ ರಕ್ಷಣೆ ಎಂದು ನಂಬಬೇಡಿ. ಕೆಲವೊಮ್ಮೆ ನಿಮಗೆ ಬೇಡದ ಕಾರ್ಡಿನಿಂದ ದುಡ್ಡು ಹೋಗುವುದೂ ಉಂಟು. ಟ್ಯಾಪ್ ಮಾಡುವ ಮುಂಚೆ ಬೇಕಾದ ಕಾರ್ಡನ್ನು ಮಾತ್ರ ಹೊರಗೆ ತೆಗೆಯಿರಿ.

ಒಟ್ಟಿನಲ್ಲಿ ಗಾಳಿಯಲ್ಲಿ ಕದಿಯುವ ಕಳ್ಳನ ಬಗ್ಗೆ ಹೆದರುವುದಕ್ಕಿಂತ, ನಾವೇ ಕೈಯಾರೆ ಕೊಟ್ಟ ಕಾರ್ಡ್, ಬಾಯಾರೆ ಹೇಳಿದ ಪಿನ್, ತಡವಾಗಿ ಮಾಡಿದ ಬ್ಲಾಕ್ ಇವುಗಳ ಬಗ್ಗೆ ಹೆದರಬೇಕು.

ದುಡ್ಡು ನಿಜವಾಗಿ ಹೋಗುವ ದಾರಿಗಳು

ಮೊದಲನೆಯದು, ಕಳೆದುಹೋದ ಕಾರ್ಡ್. ಬ್ಲಾಕ್ ಮಾಡುವವರೆಗೆ ಅದು ನಗದು ಇದ್ದ ಹಾಗೆ. ಕೆಲವು ಸಲ ಟ್ಯಾಪ್ ಆದ ಮೇಲೆ ಅನೇಕ ಕಾರ್ಡುಗಳು ಪಿನ್ ಕೇಳುತ್ತವೆ, ಆದರೆ ಅಷ್ಟರೊಳಗೆ ಹೋದದ್ದು ಹೋಯಿತು. ಪಿನ್ ಇಲ್ಲದೆ ಒಂದು ಸಲಕ್ಕೆ ಎಷ್ಟು ಮೊತ್ತ ಹೋಗಬಹುದು ಎಂಬ ಮಿತಿಯನ್ನು ನಿಮ್ಮ ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಿ. ದಿನದ ಖರ್ಚಿನ ಮಿತಿ ಕಡಿಮೆ ಮಾಡುವ ಅಥವಾ ಟ್ಯಾಪ್ ಸೌಲಭ್ಯವನ್ನೇ ನಿಲ್ಲಿಸುವ ಆಯ್ಕೆ ಬ್ಯಾಂಕಿನ ಆ್ಯಪ್‌ನಲ್ಲಿ ಇದ್ದರೆ ಬಳಸಿಕೊಳ್ಳಿ.

ಎರಡನೆಯದು, ಕೈಬಿಟ್ಟ ಕಾರ್ಡ್. ಪೆಟ್ರೋಲ್ ಪಂಪಿನಲ್ಲಿ ಕಾರಿನೊಳಗೇ ಕೂತು ಕಾರ್ಡ್ ಕೊಡುತ್ತೇವೆ. ಹೋಟೆಲಿನಲ್ಲಿ ಬಿಲ್ ಜೊತೆ ಕೊಟ್ಟು ಕಳಿಸುತ್ತೇವೆ. ಮಿಷನ್ ನಿಮ್ಮ ಹತ್ತಿರ ಬರಲಿ, ಕಾರ್ಡ್ ಅದರ ಹತ್ತಿರ ಹೋಗುವುದು ಬೇಡ. ಪರದೆಯ ಮೇಲೆ ಮೊತ್ತ ಓದಿ, ಆಮೇಲೆ ಮುಟ್ಟಿಸಿ. 15 ರಿಯಾಲ್ ಬದಲು 150 ಎಂದು ಕೈತಪ್ಪಿ ಒತ್ತಿರುವುದೂ ಇರಬಹುದು. ಪೇಮೆಂಟ್ ಆಗಲಿಲ್ಲ ಎಂದು ಮತ್ತೊಮ್ಮೆ ಮುಟ್ಟಿಸಲು ಹೇಳಿದರೆ ಮೊದಲು ನಿಮ್ಮ ಫೋನಿಗೆ ಎಸ್ಸೆಮ್ಮೆಸ್ ಬಂದಿದೆಯಾ ನೋಡಿ, ಫೇಲ್ ಆದ ಚೀಟಿ ಕೇಳಿ ತಗೊಳ್ಳಿ.

ಮೂರನೆಯದು, ಪಿನ್. "ಎಟಿಎಂಗೆ ಹೋಗ್ತಿದ್ದೀಯಲ್ಲ, ನನ್ನದೂ ತಗೊಂಡು ಬಾ" ಎಂದು ರೂಮ್‌ಮೇಟ್ ಕೈಗೆ ಕಾರ್ಡ್, ಪಿನ್ ಎರಡೂ ಕೊಡುವುದು ಕ್ಯಾಂಪುಗಳಲ್ಲಿ ದಿನವೂ ನಡೆಯುತ್ತದೆ. ಹೆಚ್ಚಿನವರು ಪ್ರಾಮಾಣಿಕರೇ. ಆದರೆ ಒಂದು ದಿನ ಲೆಕ್ಕ ತಪ್ಪಿದರೆ ದುಡ್ಡೂ ಹೋಗುತ್ತದೆ, ಸ್ನೇಹವೂ ಹೋಗುತ್ತದೆ. ಪಿನ್ ಸರಿಯಾಗಿಯೇ ಹಾಕಿದ್ದರೆ ಬ್ಯಾಂಕಿನ ಮುಂದೆ ನಿಮ್ಮ ವಾದ ನಿಲ್ಲುವುದು ಕಷ್ಟ. ಪಿನ್ ಬರೆದ ಚೀಟಿಯನ್ನು ಕಾರ್ಡಿನ ಜೊತೆ ಇಡುವುದು, ಹುಟ್ಟಿದ ಇಸವಿಯನ್ನೇ ಪಿನ್ ಮಾಡುವುದು ಬೇಡ. ಹುಟ್ಟಿದ ದಿನಾಂಕ ಪಕ್ಕದಲ್ಲೇ ಇರುವ ಕತಾರ್ ಐಡಿಯಲ್ಲಿ ಅಚ್ಚಾಗಿದೆ.

ನಾಲ್ಕನೆಯದು ಈಗ ಹೆಚ್ಚು ಅಪಾಯದ್ದು: ನಿಮ್ಮ ಕಾರ್ಡನ್ನು ಕಳ್ಳ ತನ್ನ ಫೋನಿಗೆ ಸೇರಿಸಿಕೊಳ್ಳುವುದು. ಕತಾರ್‌ನಲ್ಲಿ ಆ್ಯಪಲ್ ಪೇ 2021ರಲ್ಲಿ, ಗೂಗಲ್ ಪೇ 2022ರಲ್ಲಿ ಬಂತು. ಫೋನಿಗೆ ಕಾರ್ಡ್ ಸೇರಿಸಲು ಕಾರ್ಡ್ ನಂಬರ್, ಅವಧಿ, ಸಿವಿವಿ ಬೇಕು, ಕೊನೆಗೆ ಬ್ಯಾಂಕ್ ಕಳಿಸುವ ಒಟಿಪಿ ಬೇಕು. "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ನಿಮ್ಮ ಕಾರ್ಡ್ ಬ್ಲಾಕ್ ಆಗಿದೆ", "ಐಡಿ ಅಪ್‌ಡೇಟ್ ಮಾಡಬೇಕು", "ಪಾರ್ಸೆಲ್ ಬಂದಿದೆ, 5 ರಿಯಾಲ್ ಕಟ್ಟಿ" ಎಂದು ಬರುವ ಕರೆ, ಲಿಂಕ್ ಎಲ್ಲದರ ಗುರಿ ಆ ಒಟಿಪಿಯೇ. ಅದನ್ನು ಕೊಟ್ಟ ಕ್ಷಣದಿಂದ ನಿಮ್ಮ ಕಾರ್ಡ್ ನಿಮ್ಮ ಜೇಬಿನಲ್ಲೂ ಇರುತ್ತದೆ, ಅವನ ಫೋನಿನಲ್ಲೂ ಇರುತ್ತದೆ. ಒಟಿಪಿ ಬಂದ ಮೆಸೇಜನ್ನು ಪೂರ್ತಿ ಓದಿ. ಫೋನಿಗೆ ಕಾರ್ಡ್ ಸೇರಿಸುವ ಕೋಡ್ ಎಂದು ಅದರಲ್ಲಿದ್ದು, ನೀವು ಅಂಥದ್ದೇನೂ ಮಾಡದಿದ್ದರೆ ಕೂಡಲೇ ಬ್ಯಾಂಕಿಗೆ ಫೋನ್ ಮಾಡಿ. ಇಂಥ ಕರೆಗಳ ಬಗ್ಗೆ ಕತಾರ್‌ನ ಒಳಾಡಳಿತ ಸಚಿವಾಲಯ ಪದೇ ಪದೇ ಎಚ್ಚರಿಸುತ್ತಲೇ ಬಂದಿದೆ. ಕರೆ ಮಾಡಿದವರು ಕನ್ನಡವೋ, ತುಳುವೋ, ಬ್ಯಾರಿಯೋ, ಮಲಯಾಳವೋ ಮಾತಾಡಿದರು ಎಂಬ ಕಾರಣಕ್ಕೆ ನಂಬಬೇಡಿ.

ಐದನೆಯದು, ಕಾರ್ಡನ್ನು ಫೋನಿಗೆ ತಾಗಿಸಲು ಹೇಳುವ ನಕಲಿ ಆ್ಯಪ್. 2024ರ ಆಗಸ್ಟ್‌ನಲ್ಲಿ ಇಸೆಟ್ ಎಂಬ ಸೈಬರ್ ಭದ್ರತಾ ಕಂಪನಿ ಜೆಕ್ ದೇಶದ ಬ್ಯಾಂಕ್ ಗ್ರಾಹಕರನ್ನು ಗುರಿ ಮಾಡಿದ ಎನ್‌ಗೇಟ್ ಎಂಬ ಆ್ಯಂಡ್ರಾಯ್ಡ್ ವೈರಸ್ ಬಗ್ಗೆ ವರದಿ ಮಾಡಿತು. ಬ್ಯಾಂಕಿನ ಆ್ಯಪ್ ಎಂದು ನಂಬಿಸಿ ಇನ್‌ಸ್ಟಾಲ್ ಮಾಡಿಸುತ್ತಾರೆ, ಪಿನ್ ಕೇಳುತ್ತಾರೆ, ಕಾರ್ಡನ್ನು ಫೋನಿನ ಹಿಂಬದಿಗೆ ಇಡಲು ಹೇಳುತ್ತಾರೆ. ಕಾರ್ಡಿನ ಸಿಗ್ನಲ್ ಇಂಟರ್‌ನೆಟ್ ಮೂಲಕ ಕಳ್ಳನ ಫೋನಿಗೆ ಹೋಗುತ್ತದೆ, ಅವನು ಎಟಿಎಂ ಮುಂದೆ ನಿಂತು ನಿಮ್ಮ ಕಾರ್ಡೇ ಅಲ್ಲಿರುವ ಹಾಗೆ ದುಡ್ಡು ತೆಗೆಯುತ್ತಾನೆ. ಯುರೋಪಿನಲ್ಲಿ ನಡೆದದ್ದು ಇಲ್ಲಿಗೆ ಬರಲು ವೀಸಾ ಬೇಕಿಲ್ಲ. ಮೆಸೇಜಿನಲ್ಲಿ ಬಂದ ಲಿಂಕಿನಿಂದ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ.

ಸಂಬಳದ ಕಾರ್ಡ್ ಯಾರ ಕೈಯಲ್ಲಿರಬೇಕು?

ಕತಾರ್‌ನ ಕಾರ್ಮಿಕ ಕಾನೂನಿಗೆ 2015ರ 1ನೇ ಕಾನೂನು ತಂದ ತಿದ್ದುಪಡಿಯಿಂದ ವೇತನ ಸಂರಕ್ಷಣಾ ವ್ಯವಸ್ಥೆ, ಅಂದರೆ ಎಲ್ಲರೂ ಡಬ್ಲ್ಯುಪಿಎಸ್ ಎನ್ನುವ ಪದ್ಧತಿ ಬಂತು. ಸಂಬಳವನ್ನು ಕತಾರ್‌ನ ಹಣಕಾಸು ಸಂಸ್ಥೆಯಲ್ಲಿರುವ ಕಾರ್ಮಿಕನ ಖಾತೆಗೆ, ಕೊಡಬೇಕಾದ ದಿನದಿಂದ 7 ದಿನದೊಳಗೆ ಹಾಕಬೇಕು. ಸಂಬಳ ಕೊಟ್ಟರೋ ಇಲ್ಲವೋ ಎಂಬುದಕ್ಕೆ ದಾಖಲೆ ಇರಲಿ ಎಂಬುದೇ ಇದರ ಉದ್ದೇಶ.

ಆದರೆ ದಾಖಲೆಯಲ್ಲಿ ಸಂಬಳ ಪೂರ್ತಿ ಬಿದ್ದು, ಕಾರ್ಡ್ ಮಾತ್ರ ಬೇರೆಯವರ ಡ್ರಾಯರಿನಲ್ಲಿದ್ದರೆ ಆ ರಕ್ಷಣೆಗೆ ಅರ್ಥವೇ ಇಲ್ಲ. "ಎಲ್ಲರ ಕಾರ್ಡ್ ಆಫೀಸಿನಲ್ಲೇ ಇರಲಿ, ಕಳೆದುಹೋಗುವುದಿಲ್ಲ" ಎಂದು ಫೋರ್‌ಮನ್ ಆಗಲಿ, ಸಪ್ಲೈ ಕಂಪನಿಯವರಾಗಲಿ ಕಾರ್ಡ್, ಪಿನ್ ಇಟ್ಟುಕೊಳ್ಳಲು ಕೇಳಿದರೆ ಒಪ್ಪಬೇಡಿ. ಪಾಸ್‌ಪೋರ್ಟನ್ನು ಕಂಪನಿ ಹಿಡಿದಿಟ್ಟುಕೊಳ್ಳಬಾರದು ಎಂದು 2015ರ 21ನೇ ಕಾನೂನಿನಲ್ಲೇ ಇದೆ. ಸಂಬಳದ ಕಾರ್ಡೂ ನಿಮ್ಮ ಹೆಸರಿನದು, ನಿಮ್ಮ ಕೈಯಲ್ಲೇ ಇರಬೇಕಾದ್ದು. ಈಗಾಗಲೇ ಕೊಟ್ಟಿದ್ದರೆ ವಾಪಸ್ ಕೇಳಿ, ಬಂದ ದಿನವೇ ಪಿನ್ ಬದಲಾಯಿಸಿ. ಕೊಡದಿದ್ದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ಹೋಗಲು ದಾರಿ ಗೊತ್ತಿಲ್ಲದವರು ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿರುವ ಐಸಿಬಿಎಫ್ ಅನ್ನು, ಇಲ್ಲವೇ ಪರಿಚಯ ಇರುವ ಕನ್ನಡ, ತುಳು ಸಂಘಟನೆಗಳವರನ್ನು ಕೇಳಿ.

ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರ್ ಯಾರದ್ದು ಎಂಬುದನ್ನೂ ನೋಡಿ. ಒಟ್ಟಿಗೆ ನೂರು ಜನರ ಖಾತೆ ತೆರೆಯುವಾಗ ಆಫೀಸಿನ ನಂಬರೋ ಕ್ಯಾಂಪ್ ಬಾಸ್ ನಂಬರೋ ಸೇರಿಹೋಗಿರಬಹುದು. ಹಾಗಿದ್ದರೆ ದುಡ್ಡು ಹೋದ ಮೆಸೇಜ್ ನಿಮಗೆ ಬರುವುದೇ ಇಲ್ಲ. ಐಡಿ ತಗೊಂಡು ಬ್ಯಾಂಕಿಗೆ ಹೋಗಿ ನಿಮ್ಮದೇ ನಂಬರ್ ಹಾಕಿಸಿ.

ಇನ್ನೊಂದು ಮಾತು. ಊರಿಗೆ ಹೋಗುವ ಸ್ನೇಹಿತ "ನನ್ನ ಕಾರ್ಡ್ ಇಟ್ಟುಕೋ" ಎನ್ನುವುದು, ಪರಿಚಯದವರು "ನಿನ್ನ ಅಕೌಂಟಿಗೆ ಸ್ವಲ್ಪ ದುಡ್ಡು ಬರುತ್ತೆ, ತೆಗೆದು ಕೊಡು, ಕಮಿಷನ್ ಕೊಡ್ತೇನೆ" ಎನ್ನುವುದು ಎರಡೂ ಅಪಾಯ. ಬಂದ ದುಡ್ಡು ವಂಚನೆಯದ್ದಾಗಿದ್ದರೆ ಪೊಲೀಸರು ಮೊದಲು ಹುಡುಕುವುದು ಖಾತೆದಾರನನ್ನು. ಅಕ್ರಮ ಹಣ ವರ್ಗಾವಣೆ ತಡೆಗೆ ಕತಾರ್‌ನಲ್ಲಿ 2019ರ 20ನೇ ಕಾನೂನು ಇದೆ.

ಗೇಟ್ ಕಾರ್ಡ್: ಸುಲಭವಾಗಿ ನಕಲಾಗುವುದು ಇದೇ

ಬ್ಯಾಂಕ್ ಕಾರ್ಡನ್ನು ಜೋಪಾನ ಮಾಡುವವರೂ ಗೇಟ್ ಕಾರ್ಡನ್ನು ಕೊರಳಿಗೆ ನೇತುಹಾಕಿಕೊಂಡು ಸೂಕ್‌ಗೂ ಹೋಗುತ್ತಾರೆ. ಆದರೆ ನಕಲು ಮಾಡಲು ಸುಲಭವಾದದ್ದು ಹೆಚ್ಚಾಗಿ ಈ ಕಾರ್ಡೇ.

ಹಳೆಯ ಮಾದರಿಯ ಗೇಟ್ ಕಾರ್ಡುಗಳು 125 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅವುಗಳಲ್ಲಿರುವುದು ಒಂದು ನಂಬರ್ ಅಷ್ಟೇ. ಯಾವ ಮಿಷನ್ ಕೇಳಿದರೂ ಅದೇ ನಂಬರ್ ಹೇಳುತ್ತವೆ. ಕಡಿಮೆ ಬೆಲೆಯ ಉಪಕರಣದಿಂದ ಕೆಲವೇ ಸೆಕೆಂಡಿನಲ್ಲಿ ಖಾಲಿ ಕಾರ್ಡಿಗೆ ನಕಲು ಇಳಿಸಬಹುದು. ಅನೇಕ ಕಾರ್ಡುಗಳಲ್ಲಿ ಒಳಗಿನ ನಂಬರೇ ಮೇಲ್ಗಡೆ ಅಚ್ಚಾಗಿರುತ್ತದೆ. ಹೊಸ ಕೆಲಸ ಸಿಕ್ಕ ಖುಷಿಯಲ್ಲಿ ಬ್ಯಾಡ್ಜ್ ಹಿಡಿದು ಫೇಸ್‌ಬುಕ್‌ಗೆ ಫೋಟೋ ಹಾಕಿದರೆ ಆ ನಂಬರನ್ನು ಊರಿಗೆಲ್ಲ ಹಂಚಿದ ಹಾಗೆ.

ಇನ್ನೊಂದು ಬಗೆ ಮೈಫೇರ್ ಕ್ಲಾಸಿಕ್. 1994ರಲ್ಲಿ ಬಂದ ಇದು ಜಗತ್ತಿನ ಎಷ್ಟೋ ಕಚೇರಿ, ಬಸ್ಸು, ಮೆಟ್ರೋಗಳಿಗೆ ಹಬ್ಬಿತು. ಇದರ ಬೀಗದ ಕೀಲಿ 48 ಬಿಟ್‌ನಷ್ಟು ಚಿಕ್ಕದು. 2007ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಒಂದು ಸಮ್ಮೇಳನದಲ್ಲಿ ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್ ಈ ಬೀಗದ ಒಳಗುಟ್ಟು ಬಿಚ್ಚಿಟ್ಟರು. 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಪೂರ್ತಿ ವಿವರ ಪ್ರಕಟಿಸಲು ಹೊರಟಾಗ ಚಿಪ್ ತಯಾರಿಸುವ ಎನ್‌ಎಕ್ಸ್‌ಪಿ ಕಂಪನಿ ಕೋರ್ಟಿಗೆ ಹೋಯಿತು. ಪ್ರಕಟಣೆ ತಡೆಯಲು ಕೋರ್ಟ್ ಒಪ್ಪಲಿಲ್ಲ. ಆಮೇಲೆ ಬಂದ ಮೈಫೇರ್ ಡೆಸ್‌ಫೈರ್‌ನಂಥ ಕಾರ್ಡುಗಳು ಹೆಚ್ಚು ಗಟ್ಟಿ. ಆದರೂ ಹಳೆಯ ಗೇಟುಗಳನ್ನು ಬದಲಾಯಿಸದ ಕಡೆ ಹಳೆಯ ಕಾರ್ಡೇ ನಡೆಯುತ್ತಿರುತ್ತದೆ.

ಯಾವ ಕಾರ್ಡ್ ಹಾಕಬೇಕು ಎಂಬುದು ಕಂಪನಿಯ ತೀರ್ಮಾನ, ಕಾರ್ಮಿಕನ ಕೈಯಲ್ಲಿಲ್ಲ. ಆದರೆ ಗೇಟಿನ ಕಂಪ್ಯೂಟರಿನಲ್ಲಿ ದಾಖಲಾಗುವುದು ಕಾರ್ಮಿಕನ ಹೆಸರು. ರಾತ್ರಿ 2 ಗಂಟೆಗೆ ಸ್ಟೋರ್ ಬಾಗಿಲು ತೆರೆದದ್ದು ನಿಮ್ಮ ಕಾರ್ಡಿನಿಂದ ಎಂದು ದಾಖಲೆ ಹೇಳಿದರೆ, ನಾನು ಮಲಗಿದ್ದೆ ಎಂದು ತೋರಿಸಿಕೊಡುವ ಕಷ್ಟ ನಿಮ್ಮದು. ರಾಸ್ ಲಫಾನ್‌ನಂಥ ಕೈಗಾರಿಕಾ ನಗರಕ್ಕೆ ಗೇಟ್ ಪಾಸ್ ಇಲ್ಲದೆ ಪ್ರವೇಶವೇ ಇಲ್ಲ. ಅಲ್ಲಿ ಒಬ್ಬರ ಪಾಸಿನಲ್ಲಿ ಇನ್ನೊಬ್ಬರು ಹೋದರೆ ಇಬ್ಬರ ಕೆಲಸಕ್ಕೂ ಕುತ್ತು.

ಹಾಜರಿ ವಿಷಯವೂ ಇದೇ. "ನಾನು ಅರ್ಧ ಗಂಟೆ ಲೇಟ್, ನನ್ನ ಕಾರ್ಡೂ ಪಂಚ್ ಮಾಡಿಬಿಡು" ಎನ್ನುವುದು ಸಹಾಯದ ಹಾಗೆ ಕಾಣುತ್ತದೆ. ಓವರ್‌ಟೈಮ್, ರಜೆ, ಸಂಬಳ ಕಡಿತ ಎಲ್ಲವೂ ಆ ಪಂಚಿಂಗ್ ಲೆಕ್ಕದ ಮೇಲೆ ನಿಂತಿದೆ. ನಾಳೆ ನಿಮ್ಮ ನಿಜವಾದ ಓವರ್‌ಟೈಮ್ ಬಿಟ್ಟುಹೋಗಿದೆ ಎಂದು ಜಗಳ ಮಾಡಬೇಕಾದಾಗ, ಒಂದೇ ಒಂದು ಸುಳ್ಳು ಪಂಚ್ ಸಿಕ್ಕರೂ ನಿಮ್ಮ ಇಡೀ ಲೆಕ್ಕದ ಮೇಲೆ ಅನುಮಾನ ಬರುತ್ತದೆ.

ಮಾಡಬೇಕಾದ್ದು ಇಷ್ಟು. ಗೇಟ್ ಕಾರ್ಡ್ ಯಾರಿಗೂ ಕೊಡಬೇಡಿ. ಕೆಲಸ ಬಿಟ್ಟ ಮೇಲೆ ಕೊರಳಿನಿಂದ ತೆಗೆದು ಒಳಗಿಡಿ. ಕಾರ್ಡಿನ ಮೇಲೆ ರೂಮ್ ನಂಬರ್ ಬರೆಯಬೇಡಿ. ದಾರ ಕಟ್ಟಲೆಂದು ನೀವೇ ತೂತು ಮಾಡಬೇಡಿ, ಒಳಗಿನ ತಂತಿ ತುಂಡಾದರೆ ಕಾರ್ಡ್ ಸತ್ತ ಹಾಗೇ. ಬೇಸಿಗೆಯಲ್ಲಿ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೂ ಬಾಗಿ ಹಾಳಾಗುತ್ತದೆ. ಕಳೆದುಹೋದರೆ ಸೆಕ್ಯೂರಿಟಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ದಿನ, ಹೊತ್ತು ಹಾಕಿ ವಾಟ್ಸಾಪ್ ಅಥವಾ ಇಮೇಲ್ ಕಳಿಸಿ, ಆ ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ. ಆ ಹೊತ್ತಿನ ನಂತರ ನಡೆದದ್ದಕ್ಕೆ ನೀವು ಹೊಣೆ ಅಲ್ಲ ಎನ್ನಲು ಅದೇ ಸಾಕ್ಷಿ.

ಮೆಟ್ರೋ ಕಾರ್ಡ್, ಬಸ್ಸಿನ ಕರ್ವಾ ಕಾರ್ಡ್ ವಿಷಯ ಸಣ್ಣದು. ಒಂದೆರಡು ವಾರಕ್ಕೆ ಬೇಕಾದಷ್ಟು ಮಾತ್ರ ದುಡ್ಡು ತುಂಬಿಸಿ, ಕಳೆದರೂ ನಷ್ಟ ಕಡಿಮೆ.

ಕಾರ್ಡ್ ಕಳೆದರೆ ಮೊದಲ ಒಂದು ಗಂಟೆ

1. ಹುಡುಕುತ್ತಾ ಕೂರಬೇಡಿ, ಮೊದಲು ನಿಲ್ಲಿಸಿ. ಬ್ಯಾಂಕ್ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆ ಇದ್ದರೆ ಒತ್ತಿ. ಕಾರ್ಡ್ ಸಿಕ್ಕರೆ ಮತ್ತೆ ತೆರೆಯಬಹುದು.

2. ಆ್ಯಪ್ ಇಲ್ಲದಿದ್ದರೆ ಬ್ಯಾಂಕಿನ ಕಾಲ್ ಸೆಂಟರ್‌ಗೆ ಫೋನ್ ಮಾಡಿ. ಶಾಖೆಗೆ ರಜೆ ಇದ್ದರೂ ಕಾರ್ಡ್ ಬ್ಲಾಕ್ ಮಾಡುವ ಫೋನ್ ಲೈನಿಗೆ ರಜೆ ಇಲ್ಲ. ಆ ನಂಬರ್ ಕಾರ್ಡಿನ ಹಿಂದೆಯೇ ಬರೆದಿರುತ್ತದೆ, ಆದರೆ ಕಾರ್ಡೇ ಕಳೆದಾಗ ಅದು ಸಿಗುವುದಿಲ್ಲ. ಇವತ್ತೇ ಫೋನಿನಲ್ಲಿ ಸೇವ್ ಮಾಡಿ, ಮಂಚದ ಪಕ್ಕದ ಗೋಡೆಯ ಮೇಲೂ ಬರೆದಿಡಿ. ಪರ್ಸಿನ ಜೊತೆ ಫೋನೂ ಹೋಗಿದ್ದರೆ ರೂಮ್‌ಮೇಟ್ ಫೋನಿನಿಂದ ಮಾಡಬಹುದು.

3. ಬ್ಲಾಕ್ ಮಾಡಿದವರಿಂದ ದೂರಿನ ನಂಬರ್, ಹೊತ್ತು ಕೇಳಿ ಬರೆದುಕೊಳ್ಳಿ. "ನನ್ನ ಕಾರ್ಡ್ ಬೇರೆ ಯಾವುದಾದರೂ ಫೋನಿಗೆ ಸೇರಿದೆಯಾ?" ಎಂದೂ ಕೇಳಿ. ಸೇರಿದ್ದರೆ ತೆಗೆಸಿ.

4. ಫೋನ್ ಕಳೆದಿದ್ದರೆ ಸಿಮ್ ಬ್ಲಾಕ್ ಮಾಡಿಸಿ. ಒಟಿಪಿ ಬರುವುದು ಅದಕ್ಕೇ.

5. ನಿಮಗೆ ಗೊತ್ತಿಲ್ಲದೆ ದುಡ್ಡು ಹೋಗಿದ್ದರೆ ಆ ವ್ಯವಹಾರಗಳನ್ನು ಒಂದೊಂದಾಗಿ ಹೇಳಿ, ಲಿಖಿತ ದೂರು ಕೊಡಿ. ಎಸ್ಸೆಮ್ಮೆಸ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

6. ಕತಾರ್ ಐಡಿ ಕಳೆದಿದ್ದರೆ ಒಳಾಡಳಿತ ಸಚಿವಾಲಯದ ಮೆಟ್ರಾಶ್ ಮೂಲಕ ಅಥವಾ ಕಂಪನಿಯ ಮಂದೂಬ್ ಮೂಲಕ ತಿಳಿಸಿ, ಹೊಸದಕ್ಕೆ ಅರ್ಜಿ ಹಾಕಿ. ಐಡಿಯ ಫೋಟೋವನ್ನು ಕಂಡಕಂಡವರಿಗೆ ವಾಟ್ಸಾಪ್ ಮಾಡುವ ಅಭ್ಯಾಸ ಬಿಡಿ.

ಕದ್ದಿದ್ದಾರೆ, ವಂಚಿಸಿದ್ದಾರೆ ಎಂದು ಗೊತ್ತಾದರೆ ಪೊಲೀಸ್ ದೂರು ಬೇಕು. ಕತಾರ್‌ನ ಸೈಬರ್ ಅಪರಾಧ ತಡೆ ಕಾನೂನು 2014ರ 14ನೆಯದು. ಬೇರೆಯವರ ಎಲೆಕ್ಟ್ರಾನಿಕ್ ಕಾರ್ಡ್ ಅಥವಾ ಅದರ ಮಾಹಿತಿಯನ್ನು ಅಕ್ರಮವಾಗಿ ಬಳಸುವುದಕ್ಕೆ, ಕಾರ್ಡ್ ನಕಲು ಮಾಡುವುದಕ್ಕೆ ಅದರಲ್ಲಿ ಜೈಲು, ದಂಡ ಎರಡೂ ಇದೆ. ಒಳಾಡಳಿತ ಸಚಿವಾಲಯದಲ್ಲಿ ಇದಕ್ಕಾಗಿಯೇ ಆರ್ಥಿಕ ಮತ್ತು ಸೈಬರ್ ಅಪರಾಧ ತಡೆ ವಿಭಾಗ ಇದೆ. ತುರ್ತು ಇದ್ದರೆ 999. ಬ್ಯಾಂಕಿನ ಉತ್ತರ ಸಮಾಧಾನ ಕೊಡದಿದ್ದರೆ ಕತಾರ್ ಸೆಂಟ್ರಲ್ ಬ್ಯಾಂಕಿನ ಗ್ರಾಹಕ ರಕ್ಷಣಾ ವಿಭಾಗಕ್ಕೆ ಹೋಗಬಹುದು, ಮೊದಲು ಬ್ಯಾಂಕಿಗೆ ಕೊಟ್ಟ ದೂರಿನ ನಂಬರ್ ಕೈಯಲ್ಲಿರಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಇಂಥ ವಂಚನೆ ಆದರೆ "ನಾನು ಖರ್ಚು ಮಾಡಿಲ್ಲವಲ್ಲ" ಎಂದು ಸುಮ್ಮನೆ ಬಿಡಬೇಡಿ. ಬಾಕಿ ಬೆಳೆದು ಕೇಸಾದರೆ ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಪ್ರಯಾಣ ನಿಷೇಧ ಎದುರಾಗಬಹುದು.

ಊರಿನ ಎನ್‌ಆರ್‌ಇ ಕಾರ್ಡ್ ಮರೆಯಬೇಡಿ

ಅನೇಕರ ಹತ್ತಿರ ಮಂಗಳೂರಿನದೋ ಉಡುಪಿಯದೋ ಕಲಬುರಗಿಯದೋ ಶಾಖೆ ಕೊಟ್ಟ ಎನ್‌ಆರ್‌ಇ ಡೆಬಿಟ್ ಕಾರ್ಡ್ ಇರುತ್ತದೆ. ಕೆಲವರು ಅದನ್ನು ಊರಲ್ಲಿ ಮನೆಯವರ ಕೈಗೇ ಕೊಟ್ಟಿರುತ್ತಾರೆ. ಅದಕ್ಕೆ ಭಾರತದ ನಿಯಮ.

ರಿಸರ್ವ್ ಬ್ಯಾಂಕ್ 2020ರ ಜನವರಿ 15ರಂದು ಹೊರಡಿಸಿದ ಸುತ್ತೋಲೆ ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಹೊಸ ಕಾರ್ಡಿನಲ್ಲಿ ಆನ್‌ಲೈನ್, ವಿದೇಶಿ ಬಳಕೆ, ಟ್ಯಾಪ್ ಈ ಮೂರೂ ಮೊದಲಿಗೆ ಬಂದ್ ಇರಬೇಕು. ಗ್ರಾಹಕ ಬೇಕಾದ್ದನ್ನು ತೆರೆಯಬಹುದು, ಮುಚ್ಚಬಹುದು, ಮಿತಿ ಹಾಕಬಹುದು. 2021ರ ಜನವರಿ 1ರಿಂದ ಪಿನ್ ಇಲ್ಲದ ಟ್ಯಾಪ್ ಮಿತಿ ಭಾರತದಲ್ಲಿ 2,000ದಿಂದ 5,000 ರೂಪಾಯಿಗೆ ಏರಿದೆ. ಬಳಸದ ಸೌಲಭ್ಯ ಮುಚ್ಚಿಯೇ ಇರಲಿ. ಮುಖ್ಯವಾಗಿ ವಿದೇಶಿ ಆನ್‌ಲೈನ್ ಬಳಕೆ, ಏಕೆಂದರೆ ಹೊರದೇಶದ ಎಷ್ಟೋ ವೆಬ್‌ಸೈಟುಗಳು ಒಟಿಪಿ ಕೇಳದೆಯೇ ದುಡ್ಡು ತೆಗೆಯುತ್ತವೆ.

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ದಿನದ ಲೆಕ್ಕ ಸ್ಪಷ್ಟವಾಗಿದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಿದ್ದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟ ಇಲ್ಲ. 4ರಿಂದ 7 ದಿನದೊಳಗೆ ಆದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಹೊಣೆ ಗರಿಷ್ಠ 10,000 ರೂಪಾಯಿ. ಅದಕ್ಕಿಂತ ತಡವಾದರೆ ಬ್ಯಾಂಕಿನ ನೀತಿಯಂತೆ. ಪಿನ್ ಅಥವಾ ಒಟಿಪಿ ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲಿನದು ಬ್ಯಾಂಕಿನದು.

ಎನ್‌ಆರ್‌ಇ ಖಾತೆಯ ಎಸ್ಸೆಮ್ಮೆಸ್ ಊರಿನ ಹಳೆಯ ಸಿಮ್‌ಗೆ ಹೋಗುತ್ತಿದ್ದು, ಅದು ಕಪಾಟಿನಲ್ಲಿ ಆಫ್ ಆಗಿ ಬಿದ್ದಿದ್ದರೆ ಈ 3 ದಿನ ನಿಮಗೆ ಗೊತ್ತಾಗದೇ ಕಳೆದುಹೋಗುತ್ತದೆ. ಕತಾರ್ ನಂಬರ್ ಮತ್ತು ಇಮೇಲ್ ಎರಡನ್ನೂ ಬ್ಯಾಂಕಿಗೆ ಕೊಡಿ. ಊರಲ್ಲಿ ಬೆಳಿಗ್ಗೆ 10 ಆದಾಗ ಇಲ್ಲಿ ಏಳೂವರೆ, ಡ್ಯೂಟಿಗೆ ಹೋಗುವ ದಾರಿಯಲ್ಲೇ ಶಾಖೆಗೆ ಫೋನ್ ಮಾಡಬಹುದು. ವಂಚನೆ ಆದರೆ ಭಾರತದ ಸೈಬರ್ ಸಹಾಯವಾಣಿ 1930. ಕತಾರ್‌ನಿಂದ ಈ ನಂಬರ್ ಹತ್ತದಿದ್ದರೆ ಮನೆಯವರಿಂದ ಮಾಡಿಸಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ.

ಮನೆಯವರಿಗೂ ಒಂದು ಮಾತು. ಗಂಡ ಅಥವಾ ಮಗ ಗಲ್ಫಿನಲ್ಲಿದ್ದಾರೆ ಎಂದು ಗೊತ್ತಿರುವವರು "ನಿಮ್ಮವರು ದುಡ್ಡು ಕಳಿಸಿದ್ದಾರೆ, ಒಟಿಪಿ ಹೇಳಿ" ಎಂದು ಫೋನ್ ಮಾಡಬಹುದು. ದುಡ್ಡು ಬರಲು ಒಟಿಪಿ ಬೇಡ, ಹೋಗಲು ಮಾತ್ರ ಬೇಕು. ಅಮ್ಮನಿಗೆ ಈ ಒಂದು ವಾಕ್ಯ ನೆನಪಿದ್ದರೂ ಸಾಕು.

ಕತಾರ್ ಬಿಟ್ಟು ಹೊರಡುವಾಗ

ಕೊನೆಯ ಸಂಬಳ, ಗ್ರ್ಯಾಚುಟಿ ಖಾತೆಗೆ ಬಂದು, ಊರಿಗೆ ಕಳಿಸಿದ ಮೇಲೆ ಖಾತೆ ಮುಚ್ಚಿಸಿ, ಮುಚ್ಚಿದ್ದಕ್ಕೆ ಪತ್ರ ತಗೊಳ್ಳಿ. ಕಾರ್ಡನ್ನು ಚಿಪ್ ಸೇರಿದಂತೆ ಕತ್ತರಿಸಿ. ಫೋನ್ ಮಾರುವ ಮುಂಚೆ ಅದರಲ್ಲಿರುವ ಕಾರ್ಡ್ ತೆಗೆದು, ಫೋನ್ ಪೂರ್ತಿ ಅಳಿಸಿ. ಸಿಮ್ ಯಾರಿಗೂ ಬಿಟ್ಟು ಹೋಗಬೇಡಿ. ಗೇಟ್ ಕಾರ್ಡ್ ವಾಪಸ್ ಕೊಟ್ಟು ಸಹಿ ಮಾಡಿಸಿಕೊಳ್ಳಿ.

ತಿಂಗಳಿಗೊಮ್ಮೆ ಹತ್ತು ನಿಮಿಷ

ಸಂಬಳ ಬಂದ ವಾರ ಹತ್ತು ನಿಮಿಷ ಕೂತು ಮೂರು ಲೆಕ್ಕ ತಾಳೆ ನೋಡಿ. ಪೇ ಸ್ಲಿಪ್‌ನಲ್ಲಿರುವ ಮೊತ್ತ ಖಾತೆಗೆ ಬಂದಿದೆಯಾ? ಸ್ಟೇಟ್‌ಮೆಂಟಿನ ಪ್ರತಿ ಸಾಲೂ ನೀವೇ ಮಾಡಿದ ಖರ್ಚಾ? ನಿಮ್ಮ ಡ್ಯೂಟಿಯ ದಿನಗಳೂ ಪಂಚಿಂಗ್ ದಾಖಲೆಯ ದಿನಗಳೂ ಒಂದೇನಾ? 2 ರಿಯಾಲಿನ ಗೊತ್ತಿಲ್ಲದ ಸಾಲು ಕಂಡರೂ ಬಿಡಬೇಡಿ. ಕದ್ದ ಕಾರ್ಡ್ ನಡೆಯುತ್ತದೋ ಇಲ್ಲವೋ ಎಂದು ಕಳ್ಳರು ಮೊದಲು ಇಂಥ ಸಣ್ಣ ಮೊತ್ತದಲ್ಲೇ ಪರೀಕ್ಷೆ ಮಾಡುವುದುಂಟು.

ಗುರುವಾರ ರಾತ್ರಿ ಪರ್ಸ್ ಕಳೆದ ಆ ಹುಡುಗ ಮಲಗುವ ಮುಂಚೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಬ್ಯಾಂಕಿನ ಆ ನಂಬರ್ ನಿಮ್ಮ ಫೋನಿನಲ್ಲಿ ಇದೆಯಾ, ಈಗಲೇ ನೋಡಿ. ಇಲ್ಲದಿದ್ದರೆ ಕಾರ್ಡ್ ತಿರುಗಿಸಿ, ಸೇವ್ ಮಾಡಿಕೊಳ್ಳಿ. ಪಕ್ಕದ ಮಂಚದವನಿಗೂ ಹೇಳಿ.